ಸ್ಟ್ರಿಕ್ಟ್ ಕಂಪ್ಯೂಟರು ಮತ್ತು ಉಮ್ಮತ್ತೂರಿನ ಸೋದರಮಾವ

ಚಾಮರಾಜನಗರದಲ್ಲಿ ಎರಡೇ ಕಂಪ್ಯೂಟರುಗಳಿದ್ದ ತರಬೇತಿ ಕೇಂದ್ರವೊಂದಕ್ಕೆ ನಾನೇ ಮೇಷ್ಟ್ರು. ತೊಂಬತ್ತರ ದಶಕದಲ್ಲಿ ತಲೆ ತಿರುಗಲು ಅಷ್ಟು ಸಾಕಿತ್ತು. ನಾದಿನಿಯ ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ ನಿಶ್ಚಯವಾದಾಗ, ನೆಂಟರನ್ನು ಕರೆತರುವ ಬಸ್ಸಿನ ಹೊಣೆಯನ್ನು ಕೇಳಿ ಪಡೆದೆ. ಮೊದಲು ಉಮ್ಮತ್ತೂರು, ಆಮೇಲೆ ಹರವೆ, ಬೇಗೂರು, ಕೊನೆಗೆ ಗುಂಡ್ಲುಪೇಟೆ. ಈ ಊರುಗಳನ್ನು ಕಂಪ್ಯೂಟರಿನಲ್ಲೇ ಅಚ್ಚು ಹಾಕಿಸಿ ಡ್ರೈವರ್ ಕೈಗೆ ಕೊಡುವುದೆಂದು ತೀರ್ಮಾನಿಸಿದೆ.

“ನಾಕ್ ಊರ್‌ಗೆ ಕಂಪ್ಯೂಟ್ರಾ? ಬಾಯಲ್ಲೇ ಹೇಳ್ಬುಡಿ” ಎಂದಳು ಹೆಂಡತಿ ಮಂಜುಳ, ಮುಂಚಿತವಾಗಿ ತವರಿಗೆ ಹೊರಡುತ್ತಾ.

ಆಗ ನನಗೆ ಪರ್ಲ್ ಎಂಬ, ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಭಾಷೆಯ ಹುಚ್ಚು. ಅದರಲ್ಲಿ ಹೆಸರುಗಳನ್ನು ಸಾಲಾಗಿ ಕೂರಿಸುವ ವ್ಯವಸ್ಥೆಗೆ ಅರೇ ಎನ್ನುತ್ತಾರೆ. ಮೊದಲ ಸಾಲಿನಲ್ಲೇ ‘ಸ್ಟ್ರಿಕ್ಟ್’ ಎಂದು ಬರೆದರೆ ಭಾಷೆ ಮಡಿ ಉಟ್ಟುಕೊಳ್ಳುತ್ತದೆ. ಆ ಮಡಿಯಲ್ಲಿ ಅರೇ ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸಲು ಕೂತೆ. ಅರೇಯ ಹೆಸರನ್ನು ಮೊದಲೇ ಘೋಷಿಸದೆ ಬಳಸಿದೆ, ಬೈದು ನಿಲ್ಲಿಸಿಬಿಟ್ಟಿತು. ‘ಇದು ನನ್ನದು’ ಎಂದು ಘೋಷಿಸಿದೆ, ಸುಮ್ಮನಾಯಿತು. ನಾಲ್ಕೇ ಊರಿನ ಸಾಲಿನಲ್ಲಿ ಹತ್ತನೆಯದನ್ನು ಕೇಳಿದೆ. ಅದಕ್ಕೂ ಬೈಯಲಿಲ್ಲ, ಖಾಲಿ ತೋರಿಸಿತು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಮಧ್ಯಾಹ್ನದ ಗಾಳಿ ಹಿತವಾಗಿತ್ತು, ಫ್ಯಾನು ಜೋಗುಳ ಹಾಡುತ್ತಿತ್ತು. ಛತ್ರದಲ್ಲಿ ಬೀಗರೆಲ್ಲ ನನ್ನತ್ತ ನೋಡಿ ‘ಇವರೇನಾ ಕಂಪ್ಯೂಟರ್ ಅಳಿಯ’ ಎಂದು ಪಿಸುಗುಡುವುದು ಕಣ್ಣಿಗೆ ಕಟ್ಟಿತು. ಆ ಮಂಪರಿನಲ್ಲೇ ಅಚ್ಚು ಹಾಕಿಸಿದೆ.

“ಒಂದ್ಸಲ ಓದಿ ನೋಡುದ್ರಾ ಅಳಿಯಂದ್ರೆ?” ಎಂದು ಮಾವನವರು ಫೋನಿನಲ್ಲಿ ಕೇಳಿದರು.

“ಕಂಪ್ಯೂಟರೇ ನೋಡಿದೆ ಮಾವ. ಅದು ಬಹಳ ಸ್ಟ್ರಿಕ್ಟು.”

ಮದುವೆಯ ಬೆಳಗ್ಗೆ ಕಾಗದವನ್ನು ಡ್ರೈವರ್ ಕೈಗಿತ್ತು, “ಇದರಲ್ಲಿರೋ ಹಾಗೇ ಹೋಗಿ” ಎಂದೆ.

“ಅಂಗೇ ಓಗನ ಬುಡಿ ಸಾ” ಎಂದ.

ಕಿಟಕಿಗೆ ತಲೆಯಾನಿಸಿದೆ. ಸೂರ್ಯಕಾಂತಿ ಹೊಲಗಳು ಹಳದಿ ಹೊಳೆಯಂತೆ ತೇಲಿಹೋಗುತ್ತಿದ್ದವು. ನಾನೂ ತೇಲಿಹೋದೆ. ಕಣ್ಣು ಬಿಟ್ಟಾಗ ಛತ್ರದ ಮುಂದಿದ್ದೆವು.

ಇಳಿದವರನ್ನೆಲ್ಲ ನೋಡಿ ಮುಗಿಸಿದ ಅತ್ತೆಯವರು, “ನಮ್ಮಣ್ಣ ಎಲ್ಲಿ?” ಎಂದರು.

ಅವರಣ್ಣ ಪುಟ್ಟಮಾದಪ್ಪನವರು ಉಮ್ಮತ್ತೂರಿನವರು, ಹುಡುಗಿಯ ಸೋದರಮಾವ. ಹುಡುಗಿಯನ್ನು ಎತ್ತಿ ಹಸೆಮಣೆಗೆ ತರಬೇಕಾದವರು.

ಡ್ರೈವರ್ ಕಾಗದ ಚಾಚಿದ. “ಇದ್ರಲ್ಲಿ ಉಮ್ಮತ್ತೂರೇ ಇಲ್ವಲ್ಲ ಸಾ. ಅರವೆಯಿಂದ್ಲೇ ಶುರು.”

ಅರೇ ಎಣಿಸುವುದು ಸೊನ್ನೆಯಿಂದ. ನಾನು ಒಂದರಿಂದ ಎಣಿಸಿ ಅಚ್ಚು ಹಾಕಿಸಿದ್ದೆ. ಸೊನ್ನೆಯ ಜಾಗದಲ್ಲಿದ್ದ ಉಮ್ಮತ್ತೂರು ಅಲ್ಲೇ ಉಳಿದಿತ್ತು, ಸ್ಟ್ರಿಕ್ಟ್ ತುಟಿ ಪಿಟಕ್ಕೆಂದಿರಲಿಲ್ಲ. ಕಾಗದದಲ್ಲಿದ್ದದ್ದು ಮೂರೇ ಸಾಲು. ಅದನ್ನು ಎಣಿಸಲು ಪರ್ಲ್ ಬೇಕಿರಲಿಲ್ಲ.

ಮಾವನವರಿಗೆ ಸೊನ್ನೆಯ ತತ್ತ್ವವನ್ನು ವಿವರಿಸಲು ಹೊರಟೆ.

“ಪುರೋಯಿತ್ರು ಗಡಿಯಾರ ನೋಡ್ತಾವ್ರೆ, ಅಳಿಯಂದ್ರೆ” ಎಂದರು ಅವರು, ಮೆಲ್ಲಗೆ.

ಇನ್ನೇನು ಮುಹೂರ್ತ ಮೀರುತ್ತದೆ ಎನ್ನುವಾಗ ಟೊಮೇಟೊ ಲಾರಿಯೊಂದು ಬಂದು ನಿಂತಿತು. ಪುಟ್ಟಮಾದಪ್ಪನವರು ಇಳಿದರು. ಬಿಳಿ ಪಂಚೆಯ ಹಿಂಭಾಗವೆಲ್ಲ ಕೆಂಪು. “ಬಸ್ಗೆ ಕಾದು ಕಾದು ಸಾಕಾಗಿ, ಸಿಕ್ಕಿದ್ ಲಾರಿ ಅತ್ಬುಟ್ಟೆ ಕಣಮ್ಮಿ” ಎಂದು ತಂಗಿಗೆ ಹೇಳಿ, ಹುಡುಗಿಯನ್ನು ಎತ್ತಿಕೊಂಡು ಹಸೆಮಣೆಗೆ ಓಡಿದರು. ಧಾರೆ ಹೊತ್ತಿಗೆ ಸರಿಯಾಗಿ ನಡೆಯಿತು. ಆಮೇಲೆ ನನ್ನ ಪಕ್ಕ ಊಟಕ್ಕೆ ಕೂತು, “ನನ್ನ ಸೊನ್ನೆ ಜಾಗ್ದಲ್ಲಿ ಕೂರ್ಸಿದ್ರಂತೆ?” ಎಂದರು. ಪಂಕ್ತಿಯೆಲ್ಲ ನಕ್ಕಿತು. ಬೀಗರು ಪಿಸುಗುಟ್ಟಲಿಲ್ಲ, ಜೋರಾಗಿಯೇ ಮಾತಾಡಿಕೊಂಡರು.

ಬಸ್ಸು ಹಿಂದಿರುಗುವಾಗ ಪುಟ್ಟಮಾದಪ್ಪನವರೇ ಡ್ರೈವರ್ ಪಕ್ಕ ಕೂತು ದಾರಿ ಹೇಳಿದರು. ನನಗೆ ಉಳಿದದ್ದು ಒಂದೇ ಹೊಣೆ, ತೊಡೆಯ ಮೇಲೆ ಲಾಡಿನ ಪಾತ್ರೆ ಹಿಡಿದುಕೊಳ್ಳುವುದು. ಅದರ ಮುಚ್ಚಳವನ್ನು ಮಂಜುಳ ಹಿಡಿದಿದ್ದಳು.