ಯಾರ ಮನೆಗೆ ಎಷ್ಟು ಔಷಧಿ

ಜನರ ಆರೋಗ್ಯ ಅಳೆಯಲು ಸೈಕಲ್ ಹತ್ತಿ ಹೊರಟವನಿಗೆ, ನಗು ತರಿಸುವಂಥದ್ದು ಏನೂ ನಡೆಯದ ದಿನ ಒಂದೂ ಇರಲಿಲ್ಲ.

ಐವತ್ತರ ದಶಕದ ಕೊನೆ. ಹಳ್ಳಿಗಳಿಗೆ ಸೊಳ್ಳೆ ಔಷಧಿ, ಮಕ್ಕಳಿಗೆ ಹಾಲಿನ ಪುಡಿ ಬರುತ್ತಿದ್ದ ಕಾಲ. ಅದರಿಂದ ಉಳ್ಳವರಿಗೆಷ್ಟು ಅನುಕೂಲವಾಯಿತು, ಇಲ್ಲದವರಿಗೆಷ್ಟಾಯಿತು, ಇಬ್ಬರ ನಡುವಿನ ಅಂತರ ಇಳಿಯಿತೋ ಏರಿತೋ ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಬರುವುದು ನನ್ನ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಒಂದು ಬಾಡಿಗೆ ರೂಮು, ಬಗಲಲ್ಲಿ ಒಂದು ಕಟ್ಟು ಫಾರಂ, ಮೇಲಧಿಕಾರಿಯಾಗಿ ಒಬ್ಬ ಡಾಕ್ಟರು.

ಬಡವರು ಯಾರು?

ನಗರಗೆರೆ ಕಡೆಯ ಒಂದು ಹಳ್ಳಿ. ಮಹಡಿ ಮನೆ, ಕೊಟ್ಟಿಗೆ ತುಂಬ ಎತ್ತು. ಜಗಲಿ ಮೇಲೆ ಕೂತಿದ್ದ ಯಜಮಾನರನ್ನು, "ಮನೆ ಸ್ಥಿತಿ ಹೆಂಗೆ?" ಎಂದು ಕೇಳಿದೆ. ನಾನು ಕಂದಾಯದವನು ಅಂದುಕೊಂಡರೋ ಏನೋ.

"ಕಡು ಬಡವ್ರು ಕಣಪ್ಪ. ಹಂಗೇ ಬರ್ಕೊ."

"ಆ ಎತ್ತುಗಳು?"

"ಅವೂ ಬಡವೇ. ನೋಡು, ಬರೀ ಮೂಳೆ."

ಮುಂದಿನದು ಹುಲ್ಲಿನ ಗುಡಿಸಲು. ಒಳಗೆ ಚಾಪೆ ಮೇಲೆ ಮೂವರು ನೆಂಟರು. ಅಲ್ಲೂ ಅದೇ ಪ್ರಶ್ನೆ ಕೇಳಿದೆ. ಮನೆಯಾಕೆ ಗಾಬರಿಯಿಂದ ನನ್ನನ್ನು ಹೊರಗೆ ಕರೆದುಕೊಂಡು ಬಂದಳು.

"ಅಣ್ಣಾ, ಮಗಳನ್ನ ನೋಡೋಕೆ ಬಂದವ್ರೆ. ಇದಕ್ಕೆ ಮುಂಚೆ ಬಂದವ್ರೆಲ್ಲಾ ಮನೆ ನೋಡೇ ಎದ್ದುಹೋದ್ರು. ಅನುಕೂಲಸ್ಥರು ಅಂತ ಒಂದ್ಸಲ ಜೋರಾಗಿ ಓದ್ಕೊಂಡು ಬರಿಯಣ್ಣ."

ಒಳಗೆ ಹೋಗಿ ಗಂಟಲು ಸರಿಮಾಡಿಕೊಂಡು ಓದಿದೆ: "ಅನುಕೂಲಸ್ಥರು!" ಮದುವೆ ಗೊತ್ತಾಯಿತು.

ಡಾಕ್ಟರು ಫಾರಂ ತಿರುವಿ ಹಾಕಿ ಕನ್ನಡಕ ತೆಗೆದರು. "ಇದ್ಯಾವ ಊರಯ್ಯಾ? ಸಾಹುಕಾರರೆಲ್ಲಾ ಗುಡಿಸಲಲ್ಲಿ, ಬಡವರೆಲ್ಲಾ ಮಹಡೀಲಿ!"

"ಅವರು ಹೇಳಿದ್ದನ್ನೇ ಬರೆದೆ ಸಾರ್."

"ಇನ್ಮೇಲೆ ಅವರನ್ನ ಕೇಳ್ಬೇಡ. ಸೂರು ನೋಡಿ ಬರಿ."

ತೂಕ

ಹಾಲಿನ ಪುಡಿಯಿಂದ ಯಾರ ಮಕ್ಕಳು ಎಷ್ಟು ತೂಕ ಬಂದರು ಎಂದು ನೋಡಬೇಕಿತ್ತು. ಊರ ಮುಂದಿನ ಹುಣಸೆಮರಕ್ಕೆ ತಕ್ಕಡಿ ಕಟ್ಟಿದೆ. ದೊಡ್ಡ ಮನೆಯ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಮಗುವಿನ ಸೊಂಟಕ್ಕೆ ಬೆಳ್ಳಿ ಉಡಿದಾರ, ಕೈಗೆ ಕಡಗ, ಕಾಲಿಗೆ ಗೆಜ್ಜೆ.

"ಬಿಚ್ಚಿ ಅಜ್ಜಿ, ತೂಕ ಸರಿಯಾಗಿ ಬರಲ್ಲ."

"ಮಂಗಳವಾರ ಮಗೂ ಮೈಮೇಲಿಂದ ಒಡವೆ ಬಿಚ್ತಾರೇನಪ್ಪಾ? ಹಂಗೇ ತೂಗು."

ತೂಗಿದೆ. ಅಜ್ಜಿ ಹಿಗ್ಗಿದರು. ಹಿಂದೆ ನಿಂತಿದ್ದ ಕೂಲಿಯಾಕೆಯ ಮಗು ಕಡ್ಡಿಯ ಹಾಗಿತ್ತು. ತಕ್ಕಡಿ ಅತ್ತಿತ್ತ ಆಡಿದ್ದಷ್ಟೇ. ತಾಯಿ ತಲೆ ತಗ್ಗಿಸಿದಳು.

ಅಜ್ಜಿ ಅವಳ ಮುಖ ನೋಡಿದರು, ಮಗುವನ್ನು ನೋಡಿದರು. ಆಮೇಲೆ ಮೊಮ್ಮಗನ ಉಡಿದಾರ, ಕಡಗ, ಗೆಜ್ಜೆ ಎಲ್ಲಾ ಬಿಚ್ಚಿ ಆ ಮಗುವಿಗೆ ತೊಡಿಸಿದರು. "ಈಗ ತೂಗಪ್ಪಾ."

"ಮಂಗಳವಾರ ಅಲ್ವಾ ಅಜ್ಜಿ?"

"ಒಡವೆ ಯಾವ್ದೋ ಒಂದು ಮಗೂ ಮೈಮೇಲೆ ಇದ್ದೇ ಇದೆಯಲ್ಲಪ್ಪಾ, ಬಾಯ್ಮುಚ್ಕೊಂಡು ತೂಗು."

ಆಮೇಲೆ ಒಡವೆಯಿಲ್ಲದೆ ಇಬ್ಬರನ್ನೂ ತೂಗಿ ಬರೆದುಕೊಂಡೆ. ಮಾರನೆಯ ದಿನದಿಂದ ಅಜ್ಜಿ ಆ ಮಗುವಿಗೆ ದಿನಾ ಒಂದು ಲೋಟ ಹಾಲು ಕಳಿಸತೊಡಗಿದರಂತೆ. ಮುಂದಿನ ಸಲ ಹೋದಾಗ ಅದು ಗುಂಡಗಾಗಿತ್ತು. ಸರ್ಕಾರದ ಪುಡಿಯಿಂದ ಎಷ್ಟು, ಅಜ್ಜಿಯ ಎಮ್ಮೆಯಿಂದ ಎಷ್ಟು ಎಂದು ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ.

ಜ್ವರ ಬಂದ ದಾರಿ

ಚಿಂತಾಮಣಿ ಕಡೆ, ಕೆಂಚಾರ್ಲಹಳ್ಳಿ ದಾಟಿ ಒಂದು ಊರು. ಕೊನೆಯ ಗುಡಿಸಲಿನ ತಾತ ತೆಲುಗಿನಲ್ಲೇ ಉತ್ತರ ಕೊಟ್ಟ. ಜ್ವರ? "ವಚ್ಚಿಂದಿ." ಸೊಳ್ಳೆ ಔಷಧಿ? "ರಾಲೇದು." ಜ್ವರ ಬಂತಂತೆ, ಔಷಧಿ ಬರಲಿಲ್ಲವಂತೆ.

"ಯಾಕೆ ತಾತ?"

ತಾತ ಕನ್ನಡಕ್ಕಿಳಿದ. "ಔಷಧಿಯವ್ರು ಊರ ಮುಂದಿನ ದೊಡ್ಡ ಮನೇಲಿ ಕಾಫಿ ಕುಡಿಯೋಕೆ ಕೂತ್ರು, ಅಲ್ಲಿಂದ್ಲೇ ವಾಪಸ್ ಹೋದ್ರು. ಜ್ವರ ಕಾಫಿ ಕುಡಿಯಲ್ಲ ನೋಡು, ನೆಟ್ಟಗೆ ಇಲ್ಲಿಗೇ ಬಂತು."

ಆಗತಾನೇ ಅದೇ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದ ನಾನು ಮೆಲ್ಲಗೆ ಮೀಸೆ ಒರೆಸಿಕೊಂಡೆ.

ಹುಳದ ಮನೆ

ಇವೆಲ್ಲಕ್ಕಿಂತ ಮಿಗಿಲಾದದ್ದು ನಡೆದದ್ದು ಶಿಡ್ಲಘಟ್ಟದ ಕಡೆ, ದಿಬ್ಬೂರಹಳ್ಳಿ ಹತ್ತಿರ.

ಅಲ್ಲೊಬ್ಬ ಜಮೀನುದಾರರು. ಹೆಂಚಿನ ಮನೆ, ಮನೆ ತುಂಬ ರೇಷ್ಮೆಹುಳದ ತಟ್ಟೆಗಳು. ಗೋಡೆಗೆ ಡಿ.ಡಿ.ಟಿ. ಹೊಡೆಯುವವರು ಬಂದಾಗ ಬಾಗಿಲಿಗೆ ಅಡ್ಡ ನಿಂತಿದ್ದರಂತೆ. "ಸೊಳ್ಳೆ ಸಾಯೋ ಔಷಧೀಲಿ ನನ್ನ ಹುಳ ಬದುಕ್ತವೇನ್ರಯ್ಯಾ? ಹೋಗ್ರಯ್ಯಾ ಆಚೆಗೆ!" ಅವರ ಮಾತೂ ನ್ಯಾಯವೇ. ಅವರ ಹಿತ್ತಿಲಾಚೆ ಒಂದು ಗುಡಿಸಲು. ಅದರಲ್ಲಿ ಅವರ ಹೊಲದಲ್ಲೇ ದುಡಿಯುವ ಒಬ್ಬ ಬಡ ನೆಂಟ, ಅವರನ್ನು ಮಾವ ಎನ್ನುವ ಅವನ ಹೆಂಡತಿ. ಅವರಿಗೆ ಹುಳವಿಲ್ಲ, ತಟ್ಟೆಯೂ ಇಲ್ಲ. ಔಷಧಿಯವರು ಅಲ್ಲಿ ಮೂಲೆಮೂಲೆಗೂ ಹೊಡೆದು ಹೋದರು.

ಕೆಲವು ತಿಂಗಳ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ನಾನು ಹೋದೆ. ದೊಡ್ಡ ಮನೆಯಲ್ಲಿ ಇಬ್ಬರು ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಉಳಿದವರು ಮೈ ಕೆರೆದುಕೊಳ್ಳುತ್ತಿದ್ದರು.

"ಯಜಮಾನ್ರು ಎಲ್ಲಿ?" ಎಂದೆ. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಿಲ ಕಡೆ ಕೈ ತೋರಿಸಿದಳು.

ಗುಡಿಸಲ ನಡುವೆ ಚಾಪೆ ಹಾಸಿ, ಕೈಕಾಲು ಚಾಚಿ ಯಜಮಾನರು ಸುಖವಾಗಿ ಮಲಗಿದ್ದರು. ಎಬ್ಬಿಸಿದೆ.

"ಇಲ್ಲಿ ಸೊಳ್ಳೆ ಇಲ್ಲ, ತಿಗಣೆ ಇಲ್ಲ ಕಣಪ್ಪ," ಎಂದರು ಕಣ್ಣುಜ್ಜುತ್ತಾ. "ಸ್ವರ್ಗ."

"ನಿಮ್ಮನ್ನ ಯಾವ ಮನೆಗೆ ಬರ್ಕೊಳ್ಳಲಿ? ಅದು ಅನುಕೂಲಸ್ಥರ ಮನೆ, ಇದು ಬಡವರದ್ದು."

ಯಜಮಾನರು ಯೋಚಿಸಿದರು. "ಹಗಲು ಸಾಹುಕಾರ, ರಾತ್ರಿ ಬಡವ ಅಂತ ಬರ್ಕೊ."

ನಿಜಕ್ಕೂ ನನಗೆ ಸಂತೋಷವಾಯಿತು. ಔಷಧಿ ಬಡವರ ಮನೆಗೆ ಮುಟ್ಟಿ, ಸಾಹುಕಾರರೇ ಅಲ್ಲಿಗೆ ಓಡಿ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊರಗೆ ಒಲೆ ಊದುತ್ತಿದ್ದ ಮನೆಯಾಕೆಯನ್ನು ಹುರುಪಿನಿಂದ ಕೇಳಿದೆ: "ಏನಮ್ಮಾ, ಔಷಧಿ ಹೊಡೆದ ಮೇಲೆ ನೆಮ್ಮದಿಯಾಗಿ ನಿದ್ದೆ ಬರ್ತಿದೆಯಾ?"

ಅವಳು ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿದಳು.

"ಎಲ್ಲೀ ನಿದ್ದೆ ಸ್ವಾಮೀ, ಮಾವನ ಗೊರಕೆ ನೀವು ಕೇಳಿಲ್ಲ. ಮೊದ್ಲಿದ್ದ ಸೊಳ್ಳೆಗಳೇ ವಾಸಿ ಇದ್ವು!"