ಹೂಂ ಎನ್ನದ ಪಾತ್ರ

ನಮ್ಮ ಉಗಾರ ಬುದ್ರುಕದಲ್ಲಿ ಯಾರಾದರೂ ಸುಮ್ಮನೆ ಕೂತು ಕೇಳುವ ಸ್ಪರ್ಧೆ ಇಟ್ಟರೆ, ಪದಕವನ್ನು ನೇರವಾಗಿ ನಮ್ಮ ಮನೆಗೇ ಕಳಿಸಿಬಿಡಬಹುದು. ಪೆಂಡಾಲಿನ ಖರ್ಚಾದರೂ ಉಳಿಯುತ್ತದೆ! ಶಾಲೆ ಕಲಿತದ್ದು ನಾನು ಅಷ್ಟಕ್ಕಷ್ಟೇ. ಅಕ್ಷರ ಕಂಡರೆ ಒಂದೊಂದನ್ನೇ ಹಿಡಿದು ಮಾತಾಡಿಸಿ ಮುಂದೆ ಹೋಗುವವಳು. ಆದರೆ ಕೇಳುವುದರಲ್ಲಿ ನಾನು ಪಂಡಿತೆ. ಓಣಿಯ ಸೊಸೆ ಅತ್ತೆಯ ಮೇಲೆ ಹೇಳುವುದನ್ನು ಬೆಳಿಗ್ಗೆ ಕೇಳುತ್ತೇನೆ, ಅದೇ ಅತ್ತೆ ಅದೇ ಸೊಸೆಯ ಮೇಲೆ ಹೇಳುವುದನ್ನು ಮಧ್ಯಾಹ್ನ ಕೇಳುತ್ತೇನೆ. ಇಬ್ಬರೂ "ಸೋನಾಬಾಯಿ ಅಕ್ಕಾರು ನಮ್ಮ ಕಡೆ ಅದಾರ" ಎಂದು ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಹೀಗಿರುವಾಗ, ನನ್ನ ತಮ್ಮನ ಮಗಳು ಪ್ರಾಜಕ್ತಾ ನಿಪ್ಪಾಣಿಯಿಂದ ಬಂದು, "ಆತ್ಯಾ, ನನ್ನ ಸಿನಿಮಾಕ್ಕ ನಿಮ್ಮ ಅಡಗಿಮನಿ ಬೇಕ್ರಿ. ನೀವೂ ಬೇಕು" ಎಂದಳು.

"ನಾನೇನು ಮಾಡಬೇಕವ್ವಾ?"

"ಏನೂ ಮಾಡಬ್ಯಾಡ್ರಿ. ಶೇಂಗಾ ಸುಲೀತ ಕುಂಡ್ರಬೇಕು, ಕೇಳಬೇಕು. ಒಂದೂ ಮಾತಿಲ್ಲ."

ನನ್ನ ಯಜಮಾನರಾದ ಕಾಕಾಸಾಹೇಬರು ಪೇಪರಿನ ಹಿಂದಿನಿಂದಲೇ ನಕ್ಕರು. "ಮಾತಿಲ್ಲದ ಪಾತ್ರ ಇಕಿಗೆ ಕೊಡ್ತೀಯಾ? ಅದಕ್ಕ ಭಾಳ ದೊಡ್ಡ ಕಲಾವಿದರು ಬೇಕಾಗ್ತಾರವ್ವಾ!"

"ನೋಡ್ತಾ ಇರ್ರಿ" ಎಂದೆ ನಾನು. "ಗೋಡಿ ಮಾತಾಡೀತು, ನಾ ಮಾತಾಡೂದಿಲ್ಲ!"

ಹೀಗೆ ಉಗಾರದ ಗೋಡೆಗಳಿಗೆಲ್ಲ ಸವಾಲು ಹಾಕಿ ನಾನು ಚಿತ್ರರಂಗಕ್ಕೆ ಕಾಲಿಟ್ಟೆ.

ಸಿನಿಮಾದ ಕಥೆ ಇಷ್ಟೇ. ಒಬ್ಬ ಹೆಣ್ಣುಮಗಳು, ತಲೆಗೂದಲು ಬೆಳ್ಳಗಾಗುವ ವಯಸ್ಸು. ಗಂಡನಿಂದ ಕೋರ್ಟಿನಲ್ಲಿ ಬಿಡುಗಡೆಯಾಗಿ ಬಹಳ ಕಾಲವಾಗಿದೆ. ಈಗ ಅವಳಿಗೆ ಮತ್ತೊಬ್ಬರ ಜೊತೆ ಬೇಕೆನಿಸುತ್ತದೆ. ಕೊನೆಯ ದೃಶ್ಯದಲ್ಲಿ ತನ್ನ ಸಂಕಟವನ್ನೆಲ್ಲ ವೈನಿಯ, ಅಂದರೆ ಅಣ್ಣನ ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಾಳೆ. ಆ ವೈನಿ ನಾನು! ಆಗ ಅವಳನ್ನು ಮೆಚ್ಚಿದವನು ಬಂದು ಮದುವೆಯ ಮಾತು ಕೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಸಿನಿಮಾ ಮುಗಿಯುತ್ತದೆ.

"ಉತ್ತರ ಯಾಕ ಕೊಡೂದಿಲ್ಲ?" ಎಂದು ಕೇಳಿದೆ.

"ನೋಡಿದವರು ಮನಿಗೆ ಹೋಗಿ ವಿಚಾರ ಮಾಡ್ಲಿ ಅಂತ್ರಿ."

"ಮನಿಗೆ ಹೋದ ಮ್ಯಾಲೆ ರೊಟ್ಟಿ ಬಡಿಯೂದಿರ್ತೈತಿ ಬೇ. ವಿಚಾರ ಯಾವಾಗ ಮಾಡೂದು?"

ಪ್ರಾಜಕ್ತಾ ಗಡಿಯಾರ ನೋಡಿಕೊಂಡಳು. ಪಾಪ, ಅವಳಿಗೆ ಅವಳದೇ ಚಿಂತೆ. ಈ ಸಿನಿಮಾಕ್ಕಾಗಿ ಎರಡು ವರ್ಷ ಊಟ ನಿದ್ದೆ ಬಿಟ್ಟಿದ್ದಳು. ಬಾಡಿಗೆಯ ಕ್ಯಾಮೆರಾ ಸಂಜೆಗೆ ಕೊಲ್ಲಾಪುರ ಸೇರಬೇಕು. ನಾಯಕಿಯಾದ ಚಿಕ್ಕೋಡಿಯ ಮಸರತ ಮೇಡಂ, ಶಾಲೆಯಿಂದ ನಿವೃತ್ತರಾಗಿ ನಾಟಕ ಆಡಿಕೊಂಡಿದ್ದವರು, ಮಾರನೆಯ ದಿನವೇ ಮಗಳ ಬಾಣಂತನಕ್ಕೆ ಪುಣೆಗೆ ಹೊರಟಿದ್ದರು. ಆ ಒಂದು ದೃಶ್ಯ ಅವತ್ತು ಆಗದಿದ್ದರೆ ಸಿನಿಮಾಕ್ಕೆ ಬಾಲವೇ ಇರುವುದಿಲ್ಲ. ಬಾಲವಿಲ್ಲದ ಸಿನಿಮಾವನ್ನು ಯಾರು ನೋಡುತ್ತಾರೆ?

ಆದರೆ ನಾನಿದ್ದೇನಲ್ಲ! ಅಡಿಗೆಮನೆಯಲ್ಲಿ ದೀಪ ಹಚ್ಚಿದರು. ಮೊರದ ತುಂಬ ಶೇಂಗಾ ಇಟ್ಟರು. ಅಕೀಬ ಎಂಬ ಹುಡುಗ ಕಿವಿಗೆ ಬಟ್ಟಲಿನಂಥದ್ದನ್ನು ಕಟ್ಟಿಕೊಂಡು, ಕೋಲಿನ ತುದಿಗೆ ಬೆಕ್ಕಿನ ಬಾಲದಂಥ ಮೈಕು ಸಿಕ್ಕಿಸಿ, ನನ್ನ ತಲೆಯ ಮೇಲೆ ಹಿಡಿದು ನಿಂತ. ಅಲ್ಲಿ ಆಡಿದ ಮಾತೇ ಸಿನಿಮಾದಲ್ಲಿ ಬರುತ್ತದಂತೆ, ಆಮೇಲೆ ತಿದ್ದಲು ಬರುವುದಿಲ್ಲವಂತೆ.

ಮಸರತ ಮೇಡಂ ಶುರು ಮಾಡಿದರು. "ಒಬ್ಬಾಕಿಗೆ ಎಷ್ಟಂತ ಅಡಗಿ ಮಾಡ್ಲಿ ವೈನಿ? ಸಂತ್ಯಾಗ ಅರ್ಧಾ ಬದನಿಕಾಯಿ ಯಾರು ಕೊಡ್ತಾರ?"

ನಾನು ಶೇಂಗಾ ಸುಲಿದೆ, ಅಷ್ಟೇ.

"ಕಟ್!" ಎಂದಳು ಪ್ರಾಜಕ್ತಾ. "ಆತ್ಯಾ, ಹೂಂ ಅಂದ್ರಿ."

"ನಾನಾ? ಇಲ್ಲವ್ವಾ!"

ಅಕೀಬ ತನ್ನ ಬಟ್ಟಲನ್ನು ಬಿಚ್ಚಿ ನನ್ನ ಕಿವಿಗೆ ಇಟ್ಟ. ಬದನೆಕಾಯಿಯ ಮಾತು ಮುಗಿದದ್ದೇ ತಡ, ಒಳಗೆ ಎಮ್ಮೆಯೊಂದು "ಹ್ಞೂಂ" ಎಂದಿತು!

"ಇದ್ಯಾರದ ಎಮ್ಮೀ?" ಎಂದೆ.

"ನೀವರಿ ಅಜ್ಜಿ" ಎಂದ ಅಕೀಬ, ಬಹಳ ಮರ್ಯಾದೆಯಿಂದ.

ಆಗ ತಿಳಿಯಿತು ನನ್ನ ಪಾಂಡಿತ್ಯದ ಗುಟ್ಟು. ನಮ್ಮ ಕಡೆ ಕೇಳುವುದು ಕಿವಿಯ ಕೆಲಸವಲ್ಲ, ಗಂಟಲಿನ ಕೆಲಸ. ಹೇಳುವವರು ಒಂದು ಮಾತು ಹೇಳಿದರೆ ಕೇಳುವವರು ಒಂದು ಹೂಂ ಕೊಡಬೇಕು. ಹೂಂ ನಿಂತರೆ ಕೇಳುವವರು ನಿದ್ದೆ ಹೋಗಿರಬೇಕು, ಇಲ್ಲವೇ ಸಿಟ್ಟಾಗಿರಬೇಕು. ಹುಟ್ಟಿದಾಗಿನಿಂದ ಕೊಟ್ಟುಕೊಂಡು ಬಂದ ಹೂಂ, ಕ್ಯಾಮೆರಾ ನೋಡಿ ಹೆದರೀತೇ?

ಮತ್ತೆ ಶುರುವಾಯಿತು. ಬದನೆಕಾಯಿ ದಾಟಿದೆ! ಮೇಡಂ ಮುಂದುವರಿಸಿದರು, "ಬೆನ್ನಾಗ ಕೈ ನಿಲುಕದ ಕಡೆ ತುರಿಸ್ತೈತಿ ವೈನಿ. ಬಾಗಿಲಾ ಚೌಕಟ್ಟಿಗೆ ತಿಕ್ಕೋತೀನಿ."

"ಹೂಂ... ಅಯ್ಯ ಪಾಪ!" ಎಂದೆ. ಈ ಸಲ ಬಡ್ಡಿ ಸಮೇತ!

"ಕಟ್!"

ಯಜಮಾನರಿಗೆ ಉತ್ಸಾಹ ಬಂತು. "ಅಕಿ ಬಾಯಾಗ ಶೇಂಗಾ ಚಿಕ್ಕಿ ಇಡ್ರಿ. ಅಂಟಿಕೊಂಡು ಕುಂಡ್ರತೈತಿ" ಎಂದು ಡಬ್ಬಿಯನ್ನೇ ತಂದರು. ಚಿಕ್ಕಿ ಹೇಳಿದ ಹಾಗೆ ಕೇಳಿತು. ಅಂಟಿಕೊಂಡಿತು. ಆದರೆ ಅದು ಅಂಟಿದ್ದು ನನ್ನ ಹಲ್ಲಿನ ಸೆಟ್ಟಿಗೆ! ಮೇಡಂ ಕಣ್ಣೀರು ತುಂಬಿ, "ನನಗೂ ಒಂದು ಮನಸ್ಸೈತಿ" ಎನ್ನುವ ಹೊತ್ತಿಗೆ ನನ್ನ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಜೊತೆ ಸಂಸಾರ ಬೇಡವೆಂದು ಬೇರೆಯಾಗಿ, ಟಕ್ ಎಂದು ಮೊರಕ್ಕೆ ಬಿತ್ತು. ಅಕೀಬ ಕಿವಿ ಹಿಡಿದುಕೊಂಡು ಹಾರಿದ. ಮಸರತ ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುತ್ತಿದ್ದಾರೆಂದು ನಾನು ತಿಳಿದೆ. ನಗುತ್ತಿದ್ದರು!

"ಹಲ್ಲ ಸೈತ ಡೈವೋರ್ಸ್ ತಗೊಂಡ್ವು!" ಎಂದರು ನಮ್ಮವರು.

ಸೆಟ್ಟನ್ನು ತೊಳೆದು ಬಟ್ಟಲಲ್ಲಿಟ್ಟು ಮತ್ತೆ ಕೂತೆ. ಹಲ್ಲಿಲ್ಲದ ಬಾಯಿಂದ ಹೂಂ ಹೊರಡಲಿಲ್ಲ, "ಹುಫ್" ಎಂದು ಗಾಳಿ ಹೊರಟಿತು. ಮೈಕಿನಲ್ಲಿ ಸೈಕಲ್ಲಿನ ಟ್ಯೂಬು ಒಡೆದಂತೆ ಕೇಳಿಸಿತಂತೆ. ಸರಿ, ತುಟಿ ಕಚ್ಚಿ ತಲೆ ಅಲ್ಲಾಡಿಸಿದೆ. ಕಿವಿಯ ಝುಮಕಿ ಕಿಣಿಕಿಣಿ ಎಂದಿತು. ಝುಮಕಿ ಬಿಚ್ಚಿದರು. ಕೈ ಆಡಿಸಿದೆ. ಬಳೆ ಗಲಗಲ ಎಂದಿತು.

"ಬಳೀ ತಗೀರಿ ಆತ್ಯಾ."

"ನಿಮ್ಮ ಮಾಮಾ ಗಟ್ಟಿಮುಟ್ಟಾಗಿ ಎದರಿಗೆ ಕುಂತಾರ, ಬಳೀ ಹೆಂಗ ತಗೀಲಿ ಬೇ?"

ಬಳೆಗೆ ಅರಿವೆ ಸುತ್ತಿದರು. ಮುರಿದ ಕೈಗೆ ಪಟ್ಟಿ ಕಟ್ಟಿದಂತಾಯಿತು. ಅಷ್ಟರಲ್ಲಿ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಟೇಪು ಕಿರುಚಿಸುತ್ತ ಬಾಗಿಲ ಮುಂದೆ ಹಾಯಿತು. ಅದು ಹೋಗುವ ತನಕ ಎಲ್ಲರೂ ಕಾದೆವು. ಅದು ಹೋಯಿತು, ಅದರ ಹಿಂದೆ ಅದರ ತಮ್ಮ ಬಂದಿತು!

ಕಿಟಕಿಯ ಬಿಸಿಲು ಒಲೆಯಿಂದ ಇಳಿದು ಹೊಸ್ತಿಲಿಗೆ ಬಂದಿತ್ತು. ಪ್ರಾಜಕ್ತಾ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ನನ್ನ ಕೈ ಹಿಡಿದಳು. "ಆತ್ಯಾ, ಇದೊಂದ ಸಲ. ಬಿಸಿಲು ಹೋತಂದ್ರ ನನ್ನ ಸಿನಿಮಾ ಹೋತು" ಎಂದಳು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿ ನಡುಗಿತು ನೋಡಿ, ಅದು ನನಗೆ ನಾಟಿತು. ಮನೆದೇವರನ್ನು ನೆನೆದು ಹಲ್ಲು ಹಾಕಿಕೊಂಡು, ಆ ಹಲ್ಲನ್ನೇ ಕಚ್ಚಿ ಕೂತೆ.

ಮತ್ತೆ ನಡೆಯಿತು. ಬದನೆಕಾಯಿ ಬಂತು, ಸುಮ್ಮನಿದ್ದೆ. ಬೆನ್ನಿನ ತುರಿಕೆ ಬಂತು, ನನ್ನ ಬೆನ್ನೂ ತುರಿಸಿತು, ಸುಮ್ಮನಿದ್ದೆ! "ನನಗೂ ಒಂದು ಮನಸ್ಸೈತಿ" ಬಂತು. ಗಂಟಲಲ್ಲಿ ಹೂಂ ಬಂದು ಬಾಗಿಲು ಬಡಿಯಿತು, ತೆರೆಯಲಿಲ್ಲ! ಬಾಗಿಲ ಬಳಿ ನಿಂತ ಪ್ರಾಜಕ್ತಾಳ ಮುಖ ಅರಳುತ್ತಿತ್ತು.

ಆಗ ನಾಯಕ ಒಳಗೆ ಬಂದ. ರಾಯಬಾಗದ ಈಶ್ವರ, ನಾಟಕದಲ್ಲಿ ರಾಜನ ವೇಷ ಹಾಕಿ ಮೇಜು ಕುಟ್ಟುವ ಮನುಷ್ಯ. ಇಲ್ಲಿ ಮಾತ್ರ ಬೆಕ್ಕಿನ ಮರಿಯ ಹಾಗೆ ಬಂದು ನಿಂತ. ಕೈಯಲ್ಲಿ ಎರಡು ಕಪ್ಪು.

"ನನಗ ಒಂದ ಕಪ್ ಚಾ ಮಾಡಾಕ ಬರೂದಿಲ್ರಿ" ಎಂದ. "ಎಷ್ಟ ಅಳತಿ ಮಾಡಿ ನೀರ ಹಾಕಿದ್ರೂ ಎರಡ ಕಪ್ ಆಗ್ತೈತಿ. ದಿನಾ ಒಂದ ಕಪ್ ಚೆಲ್ತೀನ್ರಿ. ಇನ್ನ ಮ್ಯಾಲೆ ಆ ಎರಡನೇ ಕಪ್ ನೀವು ಕುಡೀತೀರೇನ್ರಿ?"

ಅಯ್ಯಯ್ಯ, ಎಂಥ ಮಾತದು! ಮೇಡಂ ತಲೆ ತಗ್ಗಿಸಿದರು. ಉತ್ತರವಿಲ್ಲ. ಈಶ್ವರ ನಿಂತೇ ಇದ್ದ. ಕಪ್ಪಿನಿಂದ ಏಳುತ್ತಿದ್ದ ಹಬೆ ಕಡಿಮೆಯಾಯಿತು. ಉತ್ತರವಿಲ್ಲ. ಟ್ರ್ಯಾಕ್ಟರುಗಳೂ ಉಸಿರು ಹಿಡಿದಿದ್ದವು. ಇಷ್ಟು ಕಾಲ ಒಬ್ಬಳೇ ಚೌಕಟ್ಟಿಗೆ ಬೆನ್ನು ತಿಕ್ಕಿಕೊಂಡವಳು, ಬಾಗಿಲಿಗೆ ಬಂದ ಚಹಾ ಬಿಟ್ಟು ನೆಲ ನೋಡುತ್ತ ಕೂತಿದ್ದಾಳೆ! ನನಗೆ ಕ್ಯಾಮೆರಾ ಮರೆತುಹೋಯಿತು, ಕೊಲ್ಲಾಪುರ ಮರೆತುಹೋಯಿತು, ಗೋಡೆಯ ಜೊತೆ ಕಟ್ಟಿದ ಪಂಥವೂ ಮರೆತುಹೋಯಿತು.

"ಚಾ ಆರಾಕತ್ತೈತಿ, ಲಗೂನ ಹೂಂ ಅನ್ನ ಬೇ!"

ನಮ್ಮ ಹಿತ್ತಲಿನ ಕಾಗೆಗಳು ಎದ್ದು ಹಾರಿದವು.

ಮೇಡಂ ಬೆಚ್ಚಿ ನನ್ನತ್ತ ನೋಡಿದರು, ಈಶ್ವರನತ್ತ ನೋಡಿದರು. ಆಮೇಲೆ ನಗು ತಡೆಯದೆ, ಕಣ್ಣಲ್ಲಿ ನೀರಿಟ್ಟುಕೊಂಡೇ "ಹೂಂ" ಎಂದು ಕಪ್ಪಿಗೆ ಕೈ ಚಾಚಿದರು.

ಬಿಸಿಲು ಹೊಸ್ತಿಲು ದಾಟಿ ಹೋಯಿತು. ಪ್ರಾಜಕ್ತಾ ಕಟ್ ಎನ್ನಲೂ ಇಲ್ಲ, ಸುಮ್ಮನೆ ನೆಲಕ್ಕೆ ಕೂತುಬಿಟ್ಟಳು. ಕ್ಯಾಮೆರಾ ಕೊಲ್ಲಾಪುರಕ್ಕೆ ಹೋಯಿತು. ನಾನು ಅವತ್ತು ಊಟ ಮಾಡಲಿಲ್ಲ. ಪ್ರಾಜಕ್ತಾಳ ಎರಡು ವರ್ಷದ ದುಡಿಮೆಯನ್ನು ಒಂದೇ ಕೂಗಿಗೆ ಓಡಿಸಿಬಿಟ್ಟೆನಲ್ಲ ಎಂದು ಮೊರದ ಶೇಂಗಾವನ್ನೆಲ್ಲ ಸುಲಿದು ಮುಗಿಸಿದೆ.

ಕೆಲವು ತಿಂಗಳಾದ ಮೇಲೆ ಅವಳದೇ ಫೋನು. "ಆತ್ಯಾ, ಚಿಕ್ಕೋಡಿಯಾಗ ನಮ್ಮ ಸಿನಿಮಾ ತೋರಸ್ತೀವಿ, ಬರ್ರಿ. ನೀವು ಒದರಿದ್ದು ಹಂಗ ಇಟ್ಟೀನಿ. ಅದ ಛಲೋ ಆಗೈತಿ!"

ನೆಲದ ಮೇಲೆ ಇನ್ನು ನನ್ನ ಕಾಲು ನಿಂತೀತೇ? ಟೆಂಪೋ ತುಂಬ ಓಣಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು, ಮದುವೆಮನೆಗೆ ಹೊರಟಂತೆ ಪೈಠಣಿ ಉಟ್ಟು ಹೋದೆ. ದಾರಿಯುದ್ದಕ್ಕೂ ನನ್ನ ಅಭಿನಯದ ಬಗ್ಗೆ ನಾನೇ ಹೇಳಿದೆ, ಅವರು ಹೂಂ ಎಂದರು.

ಸಭಾಗೃಹ ಕಿಕ್ಕಿರಿದಿತ್ತು. ಕೊನೆಯ ದೃಶ್ಯ ಬಂತು. ಮಸರತ ಮೇಡಂ ಮುಖ ಪರದೆಯ ತುಂಬ. ಈಶ್ವರನ ಮುಖ ಪರದೆಯ ತುಂಬ. ನನ್ನದು? ಶೇಂಗಾ ಸುಲಿಯುವ ಎರಡು ಕೈ, ಅದೂ ಅರಿವೆ ಸುತ್ತಿದ ಕೈ! ನನ್ನ ಮುಖ ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೆರಗು ಸರಿಮಾಡಿಕೊಂಡು ಕಾದೆ. ಬಂದದ್ದು ಸಭಾಗೃಹ ನಡುಗುವಂಥ ಒಂದು ದನಿ. "ಚಾ ಆರಾಕತ್ತೈತಿ, ಲಗೂನ ಹೂಂ ಅನ್ನ ಬೇ!" ಹೆಣ್ಣುಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡು, "ಹೂಂ ಅಂದ್ಳು ಯವ್ವಾ, ಹೂಂ ಅಂದ್ಳು!" ಎಂದು ಪಕ್ಕದವಳನ್ನು ಅಲ್ಲಾಡಿಸಿದಳು. ಮುಂದಿನ ಸಾಲಿನಲ್ಲಿದ್ದ ಪ್ರಾಜಕ್ತಾ ತಿರುಗಿ ನನ್ನನ್ನು ನೋಡಿ ನಕ್ಕಳು. ಸಿನಿಮಾ ಮುಗಿಯಿತು.

ಆಮೇಲೆ ಹೆಸರುಗಳು ಏರತೊಡಗಿದವು. ನಾನು "ಸೋ" ಎನ್ನುವುದನ್ನು ಕೂಡಿಸಿ ಓದುವಷ್ಟರಲ್ಲಿ ನನ್ನ ಹೆಸರು ಮಾಳಿಗೆ ಹತ್ತಿ ಹೋಗಿತ್ತು.

"ನನ್ನ ಹೆಸರು ಬಂತಲ್ಲ, ಬರೋಬ್ಬರಿ ಬರದಾರೇನ್ರಿ?" ಎಂದು ಯಜಮಾನರನ್ನು ಕೇಳಿದೆ.

"ಅರ್ಧಾ ತಪ್ಪ ಬರದಾರ."

"ಅಯ್ಯ, ಏನಂತ ಬರದಾರ?"

"ಸೋನಾಬಾಯಿ ಅಂತ ಬರದಾರ" ಎಂದರು ಕಾಕಾಸಾಹೇಬರು, ಟೋಪಿ ಸರಿಮಾಡಿಕೊಳ್ಳುತ್ತ. "ಇಡೀ ಸಿನಿಮಾದಾಗ ಸೋನಾ ಎಲ್ಲಿ ಕಾಣಿಸ್ತು? ಬರೇ ಬಾಯಿ ಅಂತ ಬರದಿದ್ರ ಸಾಕಾಗಿತ್ತು!"