ಆಕ್ಸಿಯಾನ್ ಡಬ್ಬಿಯೂ ಕೊಟ್ಟೂರಿನ ಅವ್ವನೂ

ಕಾಣದ್ದನ್ನು ಹುಡುಕುವ ಕೆಲಸಕ್ಕೆ ಇಳಿದವರಿಗೆ ಹುಡುಕದೇ ಇದ್ದದ್ದೆಲ್ಲ ಸಿಗುತ್ತದೆ. ನನಗಂತೂ ಕೊಟ್ಟೂರಿನಲ್ಲಿ ಸಾಕುಸಾಕಾಯಿತು.

೧. ಬಾಡಿಗೆ ಮಾತು

ಮೊಬೈಲ್ ಟವರ್ ಇನ್ನೂ ಬಾರದ ಕಾಲ. ರೇಡಿಯೋ ಗದ್ದಲ ಕಡಿಮೆ ಎಂದು ಗುರುಗಳೂ ನಾನೂ ಊರಾಚೆಯ ಖಾಲಿ ಶೇಂಗಾ ಗೋದಾಮು ಹಿಡಿದೆವು. ಆಯಸ್ಕಾಂತದ ನಡುವೆ ನಯೋಬಿಯಂ ಲೋಹದ ಡಬ್ಬಿ. ದ್ರವ ಹೀಲಿಯಂನಲ್ಲಿ ಮುಳುಗಿಸಿದರೆ ಅದರಲ್ಲಿ ವಿದ್ಯುತ್ತಿಗೆ ತಡೆಯೇ ಇರದು. ಇದುವರೆಗೆ ಯಾರಿಗೂ ಸಿಗದ ಆಕ್ಸಿಯಾನ್ ಎಂಬ ಕಣ ಆಯಸ್ಕಾಂತದ ಬಲಕ್ಕೆ ರೇಡಿಯೋ ಅಲೆಯಾಗಿ ಒಳಗೆ ಪಿಸುಗುಟ್ಟಿದರೂ ಕೇಳೀತು ಎಂಬ ಆಸೆ.

"ಏನ್ ಹಿಡೀತೀರಿ?" ಮಾಲೀಕರು ಕೇಳಿದರು.

"ಕಣ್ಣಿಗೆ ಕಾಣಲ್ಲ, ಗೋಡೆ ದಾಟುತ್ತೆ, ನಮ್ಮ ಸುತ್ತಲೇ ಇದೆ," ಎಂದೆ.

ಅವರ ಮುಖ ಬಿಳಿಚಿತು. "ನಮ್ಮವ್ವ ತೀರಿಕೊಂಡದ್ದು ಇದೇ ಗೋದಾಮಿನಾಗ. ಇನ್ನೂ ಇಲ್ಲೇ ಅದಾಳ. ತಪ್ಪಿ ಆಕಿ ಸಿಕ್ರ ಬಿಟ್ಟುಬಿಡ್ರಿ."

ಗುರುಗಳು ಮಾತು ಕೊಟ್ಟರು. ಅಗ್ಗದ ಜಾಗಕ್ಕಾಗಿ ವಿಜ್ಞಾನಿಗಳು ಯಾವ ಮಾತನ್ನಾದರೂ ಕೊಡುತ್ತಾರೆ.

೨. ಬರಿ ಹಣೆ

ಡಬ್ಬಿಯ ಒಳಮೈಯನ್ನು ಆಸಿಡ್ ಹಾಕಿ ಕನ್ನಡಿ ಮಾಡಿದ್ದೆವು. ಬೆರಳು ತಾಗಿದರೂ ಕೆಟ್ಟೀತು. ಖಾನಾವಳಿಗೆ ಹೋಗಿ ಬರುವಷ್ಟರಲ್ಲಿ ಒಳಗೂ ಹೊರಗೂ ಮೂರು ಬೆರಳಿನ ವಿಭೂತಿ.

"ಹೊಸಾ ಸಾಮಾನು. ಬರಿ ಹಣಿಲೆ ಹೆಂಗ ಕೂಡಸ್ತೀರಿ?" ಎಂದರು ಮಾಲೀಕರು.

ಗುರುಗಳಿಗೆ ಅಳುವೇ ಬಂತು. ಮತ್ತೆ ತೊಳೆದು ತಣಿಸಿ ನೋಡಿದರೆ, ಡಬ್ಬಿಯೊಳಗಿನ ರೇಡಿಯೋ ನಾದ ಮೊದಲಿಗಿಂತ ಹೆಚ್ಚು ಹೊತ್ತು ನಿಂತಿತು, ಅಂದರೆ ಡಬ್ಬಿ ಇನ್ನೂ ಚೆನ್ನಾಗಿತ್ತು. ಗುರುಗಳು ನನ್ನನ್ನು ಪಕ್ಕಕ್ಕೆ ಕರೆದರು. "ಆ ವಿಭೂತಿ ಎಲ್ಲಿ ಸಿಗುತ್ತೆ, ಮೆಲ್ಲಗೆ ಕೇಳು."

೩. ಉಂಡ ಮೇಲೆ

ಹೀಲಿಯಂ ಮುಗಿಯುತ್ತ ಬಂದಿತ್ತು. ಏನೂ ಕೇಳದಿದ್ದರೆ ಗುರುಗಳು ಜೀವಮಾನವಿಡೀ ಮಾಡಿದ ಕೆಲಸಕ್ಕೆ ಬೀಗ. ದೀಪ ಹಚ್ಚುವ ಹೊತ್ತಿಗೆ, ಡಬ್ಬಿಗೆ ಜೋಡಿಸಿದ್ದ ಪರದೆಯ ಮೇಲೆ ಸಣ್ಣ ಗೆರೆಯೊಂದು ಎದ್ದು ನಿಂತಿತು. ಆಯಸ್ಕಾಂತ ಆರಿಸಿದರೆ ಮಾಯ, ಹಚ್ಚಿದರೆ ಹಾಜರ್. ನಿಜವಾದ ಆಕ್ಸಿಯಾನ್ ಹೀಗೇ ಮಾಡಬೇಕು.

ಬಾಗಿಲಲ್ಲಿ ನಿಂತಿದ್ದ ಮಾಲೀಕರು ಪರದೆಗೆ ಕೈ ಮುಗಿದರು. "ಅವ್ವ," ಎಂದು ನಮ್ಮ ಕಡೆ ತಿರುಗಿದರು. "ನೀವು ಬಂದಾಗಿಂದ ನಮ್ಮನ್ಯಾಗ ಒಂದು ತುತ್ತು ಉಂಡಿಲ್ಲ. ಜೀವ ಇದ್ದಾಗ್ಲೂ ಆಕಿ ಹಿಂಗ, ಬಂದವ್ರು ಉಣ್ಣೋತನಕ ಬಿಡ್ತಿದ್ದಿಲ್ಲ."

"ಹೋಗಿ ಉಂಡು ಬಾ, ಇವರು ಇಲ್ಲಿಂದ ಹೊರಡಲಿ," ಎಂದು ಗುರುಗಳು ಪಿಸುಗುಟ್ಟಿದರು.

ಹೋದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೊಟ್ಟೆ ಬಿರಿಯುವಷ್ಟು. ಕೈ ತೊಳೆದು ಬಂದರೆ ಗುರುಗಳು ಖಾಲಿ ಪರದೆಯ ಮುಂದೆ ಕೂತಿದ್ದರು.

"ಯಾವಾಗ ಹೋಯ್ತು, ಸಾರ್?"

"ಈಗಷ್ಟೇ."

ಹೀಲಿಯಂ ಪೂರ್ತಿ ಆರುವವರೆಗೂ ಕಾದೆವು. ಗೆರೆ ಮತ್ತೆ ಬರಲಿಲ್ಲ.

"ಕೊಟ್ಟ ಮಾತಿನಂಗ ಬಿಟ್ಟುಬಿಟ್ರಿ, ಪುಣ್ಯ ಬರ್ಲಿ," ಎಂದು ಮಾಲೀಕರು ಕಣ್ಣೊರೆಸಿಕೊಂಡು ಬಸ್ ಹತ್ತಿಸಿದರು.

ಬಸ್ಸು ಹರಪನಹಳ್ಳಿ ದಾಟಿತು. ಗುರುಗಳು ನನ್ನ ಕಡೆ ತಿರುಗಿದರು.

"ಹೀಲಿಯಂ ಮುಗಿಯೋವರೆಗೆ ಉಪವಾಸ ಇದ್ದಿದ್ದರೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ?"